ಹನುಮಲಾಪುರದ ಗುಡ್ಡ, ಗುಜರಿಯ ಸೈಲೆನ್ಸರ್

ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ನೆಲದಡಿ ಪ್ಲಾಟಿನಂ, ಪಲ್ಲಾಡಿಯಂ ಇವೆ. ಇದು ಗಾಳಿಸುದ್ದಿ ಅಲ್ಲ. ಈ ಎರಡೂ ಸೇರಿದ ಪ್ಲಾಟಿನಂ ಗುಂಪಿನ ಲೋಹಗಳು ದೇಶದಲ್ಲಿ ಒಟ್ಟು 15.7 ಟನ್ ಇವೆ ಎಂದು 2015ರ ಸರ್ಕಾರಿ ಅಂದಾಜು ಹೇಳಿತ್ತು. ಅದರಲ್ಲಿ 14.2 ಟನ್ ಒಡಿಶಾದ್ದು, ಉಳಿದ 1.5 ಟನ್ ಹನುಮಲಾಪುರದ್ದು. 1997ರವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತಲ್ಲ, ಹಾಗಾಗಿ ಶಿವಮೊಗ್ಗದವರಿಗೆ ಅದು ಈಗಲೂ ‘ನಮ್ಮ ಗುಡ್ಡ’. ಈ ವಿಷಯ ಎದ್ದರೆ ಮುಂದಿನ ಮಾತೂ ಬಂದೇ ಬರುತ್ತದೆ: “ಚಿನ್ನಕ್ಕಿಂತ ದುಬಾರಿಯಂತೆ ಮಾರಾಯ್ರೇ, ಅಗೆದುಬಿಟ್ಟರೆ ಊರೇ ಉದ್ಧಾರ!”

ಉದ್ಧಾರ ಆಗುವುದಿಲ್ಲ. ಲೆಕ್ಕ ನೋಡಿ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಹೆಚ್ಚುಕಡಿಮೆ 200 ಟನ್ ಪಲ್ಲಾಡಿಯಂ ಹೊರಬರುತ್ತದೆ. ನಮ್ಮ 1.5 ಟನ್ ಪೂರ್ತಿ ಪಲ್ಲಾಡಿಯಂ ಅಂತಲೇ ಇಟ್ಟುಕೊಂಡರೂ ಅದು ಜಗತ್ತಿನ ಮೂರು ದಿನದ ಗಣಿಗಾರಿಕೆಗೆ ಸಮ ಆಗದು. ಅದೂ ಗಟ್ಟಿಯಾಗಿ ಒಂದೇ ಕಡೆ ಕೂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1924ರಲ್ಲಿ ಹ್ಯಾನ್ಸ್ ಮೆರೆನ್ಸ್ಕಿ ಪತ್ತೆ ಮಾಡಿದ ಶಿಲಾಪದರ ನೂರಾರು ಕಿಲೋಮೀಟರ್ ಉದ್ದ ಹಬ್ಬಿದೆ. ಅಂಥ ಕಡೆಯೂ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಎಲ್ಲ ಲೋಹ ಸೇರಿ ನಾಲ್ಕೈದು ಗ್ರಾಂ. ಹನುಮಲಾಪುರದ ಬಂಡೆ 250 ಕೋಟಿ ವರ್ಷಕ್ಕಿಂತ ಹಳೆಯದು, ಭೂವಿಜ್ಞಾನಿಗಳಿಗೆ ಹಬ್ಬ. ವ್ಯಾಪಾರಿಗೆ ಅಲ್ಲ.

ಇನ್ನು ‘ಚಿನ್ನಕ್ಕಿಂತ ದುಬಾರಿ’ ಅನ್ನುವ ಮಾತು. ಅದು ಒಂದು ಕಾಲಕ್ಕೆ ನಿಜವಾಗಿತ್ತು. 2016ರ ಶುರುವಿನಲ್ಲಿ ಒಂದು ಔನ್ಸ್‌ಗೆ, ಅಂದರೆ 31.1 ಗ್ರಾಂಗೆ, 500 ಡಾಲರಿಗಿಂತ ಕಡಿಮೆ ಇದ್ದ ಪಲ್ಲಾಡಿಯಂ 2018ರ ಕೊನೆಗೆ ಚಿನ್ನವನ್ನು ದಾಟಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, 3,400 ಡಾಲರ್ ಮುಟ್ಟಿತು. 2024ರ ಫೆಬ್ರವರಿಗೆ 1,000 ಡಾಲರಿಗಿಂತ ಕೆಳಗೆ ಬಿತ್ತು. ಆ ಎರಡು ವರ್ಷದಲ್ಲಿ ನೆಲದಡಿಯ ಲೋಹ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಹಾಗಾದರೆ ಬೆಲೆಯನ್ನು ಕುಣಿಸಿದ್ದು ಏನು?

ಎರಡು ಸಂಗತಿ. ಮೊದಲನೆಯದು, ಪಲ್ಲಾಡಿಯಂಗಾಗಿಯೇ ಗಣಿ ತೋಡುವವರು ಬಹಳ ಕಡಿಮೆ. ಜಗತ್ತಿನ ಸುಮಾರು 40 ಶೇಕಡಾ ಪಲ್ಲಾಡಿಯಂ ರಷ್ಯಾದಿಂದ ಬರುತ್ತದೆ. ಅಲ್ಲಿನ ನೋರಿಲ್ಸ್ಕ್ ಗಣಿಗಳು ಅಗೆಯುವುದು ನಿಕ್ಕಲ್ಲು, ತಾಮ್ರಕ್ಕಾಗಿ. ದಕ್ಷಿಣ ಆಫ್ರಿಕಾದಲ್ಲಿ ಮುಖ್ಯ ಬೆಳೆ ಪ್ಲಾಟಿನಂ. ಪಲ್ಲಾಡಿಯಂ ಜೊತೆಗೆ ಬರುವ ಸರಕು, ನಮ್ಮಲ್ಲಿ ಅಡಿಕೆ ಹಾಳೆ ಇದ್ದ ಹಾಗೆ. ಹಾಳೆ ತಟ್ಟೆಗೆ ಎಷ್ಟೇ ಬೇಡಿಕೆ ಬರಲಿ, ಹಾಳೆಗೋಸ್ಕರ ಯಾರಾದರೂ ಹೊಸ ತೋಟ ಹಾಕುತ್ತಾರಾ? ಇರುವ ಹಾಳೆಗೇ ರೇಟು ಏರುತ್ತದೆ, ಅಷ್ಟೆ. ಬೇಡಿಕೆ ಇಳಿದರೂ ಹಾಳೆ ಬೀಳುವುದು ನಿಲ್ಲುವುದಿಲ್ಲ.

ಎರಡನೆಯದು, ಈ ಲೋಹದ ಐದರಲ್ಲಿ ನಾಲ್ಕು ಪಾಲು ಹೋಗುವುದು ಒಂದೇ ಕೆಲಸಕ್ಕೆ: ಪೆಟ್ರೋಲ್ ಗಾಡಿಯ ಹೊಗೆ ತೊಳೆಯಲು. ನನಗೆ ಈ ಬೆಲೆ-ಗಿಲೆಗಿಂತ ಖುಷಿ ಕೊಡುವುದು ಇದೇ ಕೆಲಸ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಯಾರಾದರೂ ಹಳೇ ಕಾರಿನ ಕೆಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ತೊಳೆಯುವ ಡಬ್ಬಿ, ಕೊಯ್ದಿದ್ದರೆ ನಿಂತು ನೋಡಿ. ಸ್ಟೀಲ್ ಡಬ್ಬಿಯೊಳಗೆ ಬೂದು ಬಣ್ಣದ ಒಂದು ಪಿಂಗಾಣಿ ಇಟ್ಟಿಗೆ ಇರುತ್ತದೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಒಂದು ಚದರ ಅಂಗುಲಕ್ಕೆ 400ರಷ್ಟು ಚೌಕ ಕಿಂಡಿಗಳು, ಈ ತುದಿಯಿಂದ ಆ ತುದಿಗೆ. ಕಿಂಡಿಯ ಗೋಡೆಗೆ ಅಲ್ಯೂಮಿನಾ ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಲ್ಲಾಡಿಯಂ, ಅದೇ ಗುಂಪಿನ ರೋಡಿಯಂ ಕಣಗಳು ಕೂತಿವೆ. ಹೊಳಪು ಗಿಳಪು ಏನೂ ಇಲ್ಲ. ಉಗುರಲ್ಲಿ ಕೆರೆದರೆ ಬರೀ ಬೂದಿಯಂಥ ಪುಡಿ.

ಎಂಜಿನ್ನಿನಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷ ಬರುತ್ತದೆ. ಜೊತೆಗೆ ಒಂದಿಷ್ಟು ಆಕ್ಸಿಜನ್ನೂ ಇರುತ್ತದೆ. ಎರಡೂ ಸೇರಿದರೆ ವಿಷ ಹೋಗಿ ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಆದರೆ ಸೈಲೆನ್ಸರ್ ದಾಟುವ ಆ ಕ್ಷಣಮಾತ್ರದಲ್ಲಿ ಅವು ತಾವಾಗಿ ಸೇರುವುದಿಲ್ಲ, ಯಾಕೆಂದರೆ ಆಕ್ಸಿಜನ್ನಿನ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಪಲ್ಲಾಡಿಯಂ ಮೇಲೆ ಕೂತ ಕೂಡಲೇ ಆ ಹಿಡಿತ ಸಡಿಲವಾಗಿ ಎರಡೂ ಬೇರೆಯಾಗುತ್ತವೆ. ಪಕ್ಕದಲ್ಲೇ ಕಾರ್ಬನ್ ಮೊನಾಕ್ಸೈಡ್ ಬಂದು ಕೂತಿರುತ್ತದೆ. ಒಂಟಿ ಆಕ್ಸಿಜನ್ ಅದಕ್ಕೆ ಅಂಟುತ್ತದೆ. ಹುಟ್ಟಿದ ಕಾರ್ಬನ್ ಡೈ ಆಕ್ಸೈಡಿಗೆ ಲೋಹದ ಮೇಲೆ ಅಷ್ಟು ಹಿಡಿತ ಇಲ್ಲ, ಎದ್ದು ಹೋಗುತ್ತದೆ. ಜಾಗ ಖಾಲಿ, ಮುಂದಿನವರು ಬನ್ನಿ. ಪಲ್ಲಾಡಿಯಂ ಮಾತ್ರ ಇದ್ದಲ್ಲೇ ಇದೆ, ಖರ್ಚಾಗಿಲ್ಲ.

ಇದರಲ್ಲೊಂದು ತಮಾಷೆ ಇದೆ. ಕನ್ವರ್ಟರ್ ತಣ್ಣಗಿದ್ದಾಗ ಕಾರ್ಬನ್ ಮೊನಾಕ್ಸೈಡೇ ಎಲ್ಲ ಜಾಗ ಹಿಡಿದು ಕೂತುಬಿಡುತ್ತದೆ, ಆಕ್ಸಿಜನ್ನಿಗೆ ಕಾಲಿಡಲು ಬಿಡುವುದಿಲ್ಲ. 250–300 ಡಿಗ್ರಿ ಕಾದ ಮೇಲೆಯೇ ಅದು ಜಾಗ ಬಿಡುವುದು. ಆಗುಂಬೆಯ ಚಳಿಯಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಹತ್ತಿರದ ಹೋಟೆಲಿಗೆ ಕಾಫಿಗೆ ಹೋಗಿ ಬಂದರೆ, ಆ ಸಣ್ಣ ಓಡಾಟದಲ್ಲಿ ಕನ್ವರ್ಟರ್ ಸರಿಯಾಗಿ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಸೀಸ ಬಿದ್ದರಂತೂ ಶಾಶ್ವತವಾಗಿ ಕೆಡುತ್ತದೆ. ಅದಕ್ಕೇ 1995ರಲ್ಲಿ ಮಹಾನಗರಗಳ ಹೊಸ ಕಾರಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸ ಇಲ್ಲದ ಪೆಟ್ರೋಲನ್ನೂ ತರಬೇಕಾಯಿತು. 2000ದಲ್ಲಿ ಅದು ದೇಶಕ್ಕೆಲ್ಲ ಬಂತು.

ಈಗ ಬೆಲೆ ತಾನಾಗಿ ಅರ್ಥವಾಗುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ಮೋಸ ಬಯಲಾಗಿ ಯುರೋಪಿನವರು ಪೆಟ್ರೋಲ್ ಕಡೆ ವಾಲಿದರು. ಚೀನಾ ನಿಯಮ ಬಿಗಿ ಮಾಡಿತು. ನಾವು 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಯ ನಿಯಮದಲ್ಲಿ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಹಾರಿದೆವು. ಬೆಲೆ ಏರಿತು. ಕಂಪನಿಗಳು ಸುಮ್ನೆ ಕೂರಲಿಲ್ಲ, ಪಲ್ಲಾಡಿಯಂ ಬದಲು ಅಗ್ಗವಾಗಿದ್ದ ಪ್ಲಾಟಿನಂ ಹಾಕಲು ಕಲಿತವು. ಸೈಲೆನ್ಸರೇ ಇಲ್ಲದ ಎಲೆಕ್ಟ್ರಿಕ್ ಗಾಡಿಗಳೂ ಬಂದವು. ಬೆಲೆ ಬಿತ್ತು.

ಪಲ್ಲಾಡಿಯಂ ಹುಟ್ಟಿದ್ದೇ ಗುಟ್ಟಿನ ವ್ಯಾಪಾರದಲ್ಲಿ. 1803ರಲ್ಲಿ ಲಂಡನ್ನಿನ ಒಂದು ಅಂಗಡಿಯಲ್ಲಿ ‘ಹೊಸ ಬೆಳ್ಳಿ’ ಎಂಬ ಲೋಹ ಮಾರಾಟಕ್ಕೆ ಬಂತು, ಕರಪತ್ರದಲ್ಲಿ ಯಾರ ಹೆಸರೂ ಇಲ್ಲ. ಚೆನೆವಿಕ್ಸ್ ಎಂಬ ರಸಾಯನ ವಿಜ್ಞಾನಿ ಇದ್ದ ಸರಕನ್ನೆಲ್ಲ ಕೊಂಡು, ಇದು ಪ್ಲಾಟಿನಂಗೆ ಪಾದರಸ ಬೆರೆಸಿದ ಮೋಸ ಎಂದು ಸಾರಿದ. ಹಾಗಾದರೆ ಮಾಡಿ ತೋರಿಸಿ, 20 ಪೌಂಡ್ ಇನಾಮು ಎಂದು ಅನಾಮಿಕ ಸವಾಲು ಬಂತು. ಯಾರಿಂದಲೂ ಆಗಲಿಲ್ಲ. 1805ರಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ತಾನೇ ಅದನ್ನು ಕಂಡುಹಿಡಿದವನು ಎಂದು ಒಪ್ಪಿಕೊಂಡ. ಅವನ ವ್ಯಾಪಾರದ ಪಾಲುದಾರ ಸ್ಮಿತ್ಸನ್ ಟೆನೆಂಟ್ ಪಲ್ಲಾಡಿಯಂ ಸಿಕ್ಕ ಅದೇ ಪ್ಲಾಟಿನಂ ಅದಿರಿನ ಕರಗದೆ ಉಳಿದ ಗಸಿಯಲ್ಲಿ ಇರಿಡಿಯಂ ಎಂಬ ಇನ್ನೊಂದು ಲೋಹ ಕಂಡುಹಿಡಿದ.

ಇರಿಡಿಯಂ ಅಂದ ಕೂಡಲೇ ಕೆಲವರ ಕಿವಿ ನೆಟ್ಟಗಾಗುತ್ತದೆ. ಸಿಡಿಲು ಬಡಿದ ತಾಮ್ರದ ಚೊಂಬು ಇರಿಡಿಯಂ ಆಗುತ್ತದಂತೆ, ಅಕ್ಕಿ ಎಳೆಯುತ್ತದಂತೆ, ನಾಸಾದವರು ನೂರಾರು ಕೋಟಿ ಕೊಡುತ್ತಾರಂತೆ. ಈ ‘ರೈಸ್ ಪುಲ್ಲಿಂಗ್’ ಮೋಸಕ್ಕೆ ಓದಿದವರೂ ಜಮೀನು ಮಾರಿ ದುಡ್ಡು ಸುರಿದಿದ್ದಾರೆ. ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನು, ಇರಿಡಿಯಂನಲ್ಲಿ 77. ಸಿಡಿಲಿಗೆ ಅದನ್ನು ತುಂಬುವ ಶಕ್ತಿ ಇಲ್ಲ. ಇರಿಡಿಯಂ ಅಕ್ಕಿಯನ್ನೂ ಎಳೆಯುವುದಿಲ್ಲ, ಕಬ್ಬಿಣವನ್ನೂ ಎಳೆಯುವುದಿಲ್ಲ. ಇಷ್ಟೆಲ್ಲ ವಿಜ್ಞಾನ ಬೇಡ ಅನ್ನುವವರಿಗೆ ತಕ್ಕಡಿ ಸಾಕು: ಅರ್ಧ ಕೆಜಿ ತೂಗುವ ತಾಮ್ರದ ಚೊಂಬನ್ನು ಅದೇ ಅಳತೆಗೆ ಇರಿಡಿಯಂನಲ್ಲಿ ಮಾಡಿದರೆ ಒಂದೂಕಾಲು ಕೆಜಿ ಬರಬೇಕು.

ಹಾಗಾದರೆ ಪಲ್ಲಾಡಿಯಂ ಮೇಲೆ ದುಡ್ಡು ಹಾಕಬಹುದಾ ಅಂತ ಕೇಳುವವರಿದ್ದಾರೆ. ನಮ್ಮ ಷೇರುಪೇಟೆಯಲ್ಲಿ ಚಿನ್ನ, ಬೆಳ್ಳಿಗೆ ಇಟಿಎಫ್ (ಷೇರಿನ ಹಾಗೆ ಕೊಂಡು ಮಾರುವ ನಿಧಿ) ಇವೆ, ಇದಕ್ಕಿಲ್ಲ. ಷೇರು ಕೊಳ್ಳೋಣ ಅಂದರೆ ದೇಶದಲ್ಲಿ ಇದರ ಗಣಿಯೇ ನಡೆಯುತ್ತಿಲ್ಲ. 2022ರ ಮಾರ್ಚ್‌ನ ತುದಿ ಬೆಲೆಯಲ್ಲಿ 100 ಗ್ರಾಂ ಕೊಂಡವರಿಗೆ 8 ಲಕ್ಷ ರೂಪಾಯಿಗೂ ಜಾಸ್ತಿ ಬಿದ್ದಿರುತ್ತದೆ. ಎರಡು ವರ್ಷದ ಮೇಲೆ ಅದರ ಬೆಲೆ ಸುಮಾರು 2.5 ಲಕ್ಷ. ಕಷ್ಟಕ್ಕೆ ಬೇಕಾದಾಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಡ ಇಡೋಣ ಅಂದರೆ ಇದು ಬಳೆಯಲ್ಲ, ಸರವಲ್ಲ.

ಆದರೆ ಗುಜರಿಯ ಲೆಕ್ಕ ಬೇರೆ. ಗಣಿಯ ಕಲ್ಲಿನಲ್ಲಿ ಟನ್ನಿಗೆ ನಾಲ್ಕೈದು ಗ್ರಾಂ ಅಂದೆನಲ್ಲ. ಆ ಪಿಂಗಾಣಿ ಇಟ್ಟಿಗೆಗಳು ಒಂದು ಟನ್ ಕೂಡಿದರೆ ಅವುಗಳಲ್ಲಿ ಪ್ಲಾಟಿನಂ ಗುಂಪಿನ ಲೋಹ 2,000 ಗ್ರಾಂ ಆಸುಪಾಸು ಇರುತ್ತದೆ. ಜಗತ್ತಿನ ಪಲ್ಲಾಡಿಯಂನಲ್ಲಿ ಕಾಲು ಭಾಗದಷ್ಟು ಈಗ ಹೀಗೆ ಹಳೇ ಗಾಡಿಗಳಿಂದಲೇ ವಾಪಸ್ ಬರುತ್ತಿದೆ. ಗುಜರಾತಿನಲ್ಲಿ ನಿಲ್ಲಿಸಿದ ವ್ಯಾನುಗಳ ಸೈಲೆನ್ಸರ್ ಕದಿಯುವ ಗುಂಪುಗಳು ಸಿಕ್ಕಿಬಿದ್ದದ್ದೂ ಇದಕ್ಕೇ. ಕಳ್ಳರಿಗೆ ಗೊತ್ತಿರುವುದು ನಮ್ಮ ಹುಡುಗರಿಗೆ ಗೊತ್ತಿಲ್ಲ. ಸೌಂಡ್ ಬರಲಿ ಅಂತ ಬೈಕಿನ ಕಂಪನಿ ಸೈಲೆನ್ಸರ್ ಬಿಚ್ಚಿಸುತ್ತಾರೆ. ಎಷ್ಟೋ ಬೈಕುಗಳಲ್ಲಿ ಕನ್ವರ್ಟರ್ ಇರುವುದು ಅದರೊಳಗೇ. ಖಾಲಿ ಪೈಪಿಗೆ ಸಾವಿರಾರು ರೂಪಾಯಿ ಎಣಿಸಿಕೊಟ್ಟು, ಬಿಚ್ಚಿದ್ದನ್ನು ಗ್ಯಾರೇಜಿನ ಮೂಲೆಯಲ್ಲೇ ಬಿಟ್ಟು, ಗುಡುಗಿಸಿಕೊಂಡು ಹೋಗುತ್ತಾರೆ.