ಯಾರೂ ಲಾಗಿನ್ ಆಗದ ಕಂಪ್ಯೂಟರಿನಲ್ಲಿ ಪರದೆ ಯಾರ ವಶ?

ಟಿವಿಗೆ ಜೋಡಿಸಿದ ಲಿನಕ್ಸ್ ಕಂಪ್ಯೂಟರಿನಲ್ಲಿ ಕೋಡಿಯಂಥ ಮೀಡಿಯಾ ಸೆಂಟರ್ ತಂತ್ರಾಂಶವನ್ನು (ಸಿನಿಮಾ, ಹಾಡುಗಳನ್ನು ಟಿವಿಯಲ್ಲಿ ನೋಡಲು, ಕೇಳಲು ನೆರವಾಗುವಂಥದ್ದು) ನಡೆಸಲು ಬಹಳ ಮಂದಿ ಹಿಡಿಯುವ ದಾರಿ ಒಂದೇ: ಪೂರ್ಣ ಡೆಸ್ಕ್‌ಟಾಪನ್ನು ಸ್ಥಾಪಿಸಿ, ಪಾಸ್‌ವರ್ಡ್ ಕೇಳದೆಯೇ ಒಬ್ಬ ಬಳಕೆದಾರ ಲಾಗಿನ್ ಆಗುವಂತೆ ಮಾಡಿ, ಅದರ ಬೆನ್ನಿಗೇ ತಂತ್ರಾಂಶ ತೆರೆದುಕೊಳ್ಳುವಂತೆ ಏರ್ಪಡಿಸುವುದು. ಇದರಿಂದ ಕೆಲಸವೇನೋ ನಡೆಯುತ್ತದೆ. ಆದರೆ ಯಾರೂ ನೋಡದ ಡೆಸ್ಕ್‌ಟಾಪ್ ಒಂದು ಹಿಂದೆ ಸದಾ ಮೆಮೊರಿಯನ್ನು ಬಳಸುತ್ತಿರುತ್ತದೆ, ಸಿನಿಮಾದ ನಡುವೆ ಅಪ್‌ಡೇಟ್ ಸೂಚನೆ ಬಂದು ಕೂರುತ್ತದೆ, ತಂತ್ರಾಂಶ ಕುಸಿದರೆ ರಿಮೋಟ್ ಹಿಡಿದವರ ಮುಂದೆ ಕೀಬೋರ್ಡ್ ಬೇಡುವ ಖಾಲಿ ಪರದೆ ಉಳಿಯುತ್ತದೆ. ಲಾಗಿನ್ ಆದದ್ದು ಮಾಲೀಕರ ಸ್ವಂತ ಖಾತೆಯಾಗಿದ್ದರಂತೂ ಅವರ ಎಲ್ಲ ಕಡತಗಳೂ ಆ ತಂತ್ರಾಂಶಕ್ಕೆ ತೆರೆದಿರುತ್ತವೆ.

ಕೋಡಿಗೆ ಡೆಸ್ಕ್‌ಟಾಪಿನ ಹಂಗು ಮೊದಲಿನಿಂದಲೂ ಇಲ್ಲ. 2002ರ ಹೊತ್ತಿಗೆ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಶುರುವಾಗಿ, ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು, 2014ರಲ್ಲಿ ಈಗಿನ ಹೆಸರನ್ನು ಪಡೆದ ಈ ತಂತ್ರಾಂಶವನ್ನು ಇಡೀ ಪರದೆಯನ್ನು ತಾನೊಂದೇ ತುಂಬುವಂತೆ ರೂಪಿಸಲಾಗಿದೆ. ಅದನ್ನು ಯಂತ್ರ ಚಾಲೂ ಆದೊಡನೆ ತಾನಾಗಿ ಏಳುವ ಸ್ವತಂತ್ರ ಸೇವೆಯಾಗಿ ನಡೆಸುವುದೇ ಹೆಚ್ಚು ಸರಿಯಾದ ಕ್ರಮವೆಂದು ನಾನು ನಂಬುತ್ತೇನೆ.

ಇಂದಿನ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಸೇವೆಗಳನ್ನು ಎಬ್ಬಿಸಿ ಕಾಯುವ ಹೊಣೆ 2010ರಲ್ಲಿ ಬಂದ ಸಿಸ್ಟಮ್‌ಡಿಯದು. ಯಾವ ಆದೇಶವನ್ನು, ಯಾವ ಬಳಕೆದಾರನ ಹೆಸರಿನಲ್ಲಿ, ಯಾವುದರ ನಂತರ ನಡೆಸಬೇಕು ಎಂಬುದನ್ನು ಕೆಲವೇ ಸಾಲುಗಳ ಕಡತವೊಂದರಲ್ಲಿ ಬರೆದಿಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ವೆಬ್ ಸರ್ವರಿಗೆ ಇಷ್ಟು ಸಾಕು, ಏಕೆಂದರೆ ಅದಕ್ಕೆ ಬೇಕಾದದ್ದು ನೆಟ್‌ವರ್ಕ್ ಮತ್ತು ಕಡತಗಳು ಮಾತ್ರ. ಮೀಡಿಯಾ ಸೆಂಟರಿಗೆ ಪರದೆ, ಧ್ವನಿ, ರಿಮೋಟ್ ಮೂರೂ ಬೇಕು. ಲಿನಕ್ಸ್ ಇವುಗಳನ್ನು ಸಾಮಾನ್ಯವಾಗಿ ಯಂತ್ರದ ಮುಂದೆ ಕುಳಿತು ಲಾಗಿನ್ ಆದ ಮನುಷ್ಯನಿಗೆ ಒಪ್ಪಿಸುತ್ತದೆ. ಹಾಗಿರುವಾಗ ಯಾರೂ ಲಾಗಿನ್ ಆಗದ ಯಂತ್ರದಲ್ಲಿ ಅವು ಯಾರಿಗೆ ಸೇರಬೇಕು?

ಪರದೆಯ ವಿಷಯದಲ್ಲಿ ಉತ್ತರ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿದೆ. ಬಹುಕಾಲ ಪರದೆಯ ಅಳತೆ ಮತ್ತು ವೇಗವನ್ನು ನಿರ್ಧರಿಸುತ್ತಿದ್ದುದು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲಿನ ಪೂರ್ಣ ಹಕ್ಕಿನೊಡನೆ, ಓಡುತ್ತಿದ್ದ ಎಕ್ಸ್ ಸರ್ವರ್ ಎಂಬ ಚಿತ್ರ ಮೂಡಿಸುವ ತಂತ್ರಾಂಶ. 2009ರ 2.6.29 ಆವೃತ್ತಿಯಲ್ಲಿ ಇಂಟೆಲ್ ಚಿಪ್‌ಗಳಿಂದ ಆರಂಭಿಸಿ ಆ ಕೆಲಸವನ್ನು ಕರ್ನಲ್ ತಾನೇ ವಹಿಸಿಕೊಂಡಿತು. ಅಂದಿನಿಂದ ಮಧ್ಯವರ್ತಿಯಿಲ್ಲದೆ ನೇರವಾಗಿ ಕರ್ನಲ್‌ನೊಡನೆ ಮಾತಾಡಿ ಚಿತ್ರ ಮೂಡಿಸುವ ಹಾದಿ ತೆರೆಯಿತು. ಕೋಡಿಯ ಜಿಬಿಎಂ ವಿಧಾನ ಅದನ್ನೇ ಬಳಸುತ್ತದೆ. ಇಲ್ಲೊಂದು ಕಟ್ಟುನಿಟ್ಟಾದ ನಿಯಮವಿದೆ: ಗ್ರಾಫಿಕ್ಸ್ ಸಾಧನದ ಯಜಮಾನಿಕೆ ಒಂದು ಹೊತ್ತಿನಲ್ಲಿ ಒಂದೇ ಪ್ರಕ್ರಿಯೆಗೆ ಸಲ್ಲುತ್ತದೆ. ಬೇರೊಂದು ಡೆಸ್ಕ್‌ಟಾಪ್ ಆಗಲೇ ಅದನ್ನು ಹಿಡಿದಿದ್ದರೆ ಕೋಡಿ ಶುರುವಾಗುವುದೇ ಇಲ್ಲ. ಮೊದಲ ಟರ್ಮಿನಲ್ಲಿನಲ್ಲಿ (ಅಕ್ಷರಗಳಷ್ಟೇ ಕಾಣುವ ಪರದೆಯಲ್ಲಿ) ಹೆಸರು ಕೇಳುತ್ತ ಕುಳಿತ ಲಾಗಿನ್ ಸೇವೆ ಇದೇ ಕೀಬೋರ್ಡಿಗೂ ಪರದೆಗೂ ಪೈಪೋಟಿಗೆ ಬರುವುದರಿಂದ, ಅದರೊಡನೆ ತನಗೆ ಸಹಬಾಳ್ವೆ ಸಾಧ್ಯವಿಲ್ಲವೆಂದು ಸೇವೆಯ ಕಡತದಲ್ಲಿ ಘೋಷಿಸುವುದು ವಾಡಿಕೆ.

ಪರದೆ ಹೀಗೆ ಪೂರ್ತಿ ವಶವಾದಾಗ ಚಿತ್ರದ ಗುಣಮಟ್ಟಕ್ಕೂ ಲಾಭವಿದೆ. ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾವನ್ನು 60 ಹರ್ಟ್ಸ್ ಪರದೆಯಲ್ಲಿ ತೋರಿಸಲು ಒಂದು ಚೌಕಟ್ಟನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಬೇಕಾಗುವುದರಿಂದ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಸಣ್ಣ ತೊಡರು ಕಣ್ಣಿಗೆ ಹೊಡೆಯುತ್ತದೆ. ಟಿವಿ ಒಪ್ಪುವುದಾದರೆ ಕೋಡಿ ಪರದೆಯ ವೇಗವನ್ನೇ ಸಿನಿಮಾಕ್ಕೆ ತಕ್ಕಂತೆ ಬದಲಿಸಬಲ್ಲದು. ಡೆಸ್ಕ್‌ಟಾಪಿನ ಒಳಗೂ ಇದು ಅಸಾಧ್ಯವಲ್ಲ, ಆದರೆ ಅಲ್ಲಿ ನಡುವೆ ಇನ್ನೊಬ್ಬರ ಒಪ್ಪಿಗೆ ಬೇಕು. ಧ್ವನಿಯದೂ ಹೆಚ್ಚುಕಡಿಮೆ ಇದೇ ಕಥೆ: ಪಲ್ಸ್‌ಆಡಿಯೋ, ಪೈಪ್‌ವೈರ್ ಎಂಬ ಧ್ವನಿ ಸೇವೆಗಳು ಸಾಮಾನ್ಯವಾಗಿ ಬಳಕೆದಾರನ ಲಾಗಿನ್‌ನೊಡನೆ ಏಳುವಂಥವು, ಅವಿಲ್ಲದ ಕಡೆ ಕೋಡಿ ಕರ್ನಲ್‌ನದೇ ಧ್ವನಿ ವ್ಯವಸ್ಥೆಯಾದ ಆಲ್ಸಾ ಮೂಲಕ ನೇರವಾಗಿ ಸೌಂಡ್ ಕಾರ್ಡನ್ನು ತಲುಪುತ್ತದೆ.

ಅನುಮತಿಗಳ ಪ್ರಶ್ನೆಗೆ ಹೆಚ್ಚು ಎಚ್ಚರ ಬೇಕು. ರೂಟ್ ಹೆಸರಿನಲ್ಲಿ ನಡೆಸಿದರೆ ಎಲ್ಲವೂ ಸಲೀಸೆನಿಸಬಹುದು. ಹಾಗೆ ಎಂದೂ ಮಾಡಬಾರದು. ಕೋಡಿಗೆ ಹೊರಗಿನಿಂದ ಸೇರಿಸಿಕೊಳ್ಳುವ ಆಡ್‌ಆನ್‌ಗಳು ಬಹುಪಾಲು ಯಾರೋ ಬರೆದ ಪೈಥಾನ್ ಪ್ರೋಗ್ರಾಮುಗಳು, ಅವು ಕೋಡಿಗಿರುವ ಅಧಿಕಾರದಲ್ಲೇ ಓಡುತ್ತವೆ. ಆದ್ದರಿಂದ ಪಾಸ್‌ವರ್ಡ್ ಇಲ್ಲದ, ಯಾರೂ ಲಾಗಿನ್ ಆಗಲಾರದ ಪ್ರತ್ಯೇಕ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಅವನನ್ನು ವಿಡಿಯೋ, ಆಡಿಯೋ, ಇನ್‌ಪುಟ್ ಗುಂಪುಗಳಿಗಷ್ಟೇ ಸೇರಿಸಬೇಕು. ಇನ್‌ಪುಟ್ ಗುಂಪಿನ ಸದಸ್ಯನಿಗೆ ಕೀಬೋರ್ಡಿನ ಪ್ರತಿಯೊಂದು ಒತ್ತನ್ನೂ ಓದುವ ಶಕ್ತಿ ಬರುತ್ತದೆಂಬುದು ನೆನಪಿರಲಿ. ಅಷ್ಟಾದರೂ ಕೆಲವೊಮ್ಮೆ ಕೋಡಿಯ ಮೆನುವಿನಲ್ಲಿ ಯಂತ್ರವನ್ನು ಬಂದ್ ಮಾಡುವ ಆಯ್ಕೆಯೇ ಕಾಣುವುದಿಲ್ಲ. ಆ ಹಕ್ಕನ್ನು ಪೋಲ್‌ಕಿಟ್ ಎಂಬ ವ್ಯವಸ್ಥೆ ಯಂತ್ರದ ಮುಂದೆ ಲಾಗಿನ್ ಆದವರಿಗೆ ಕಾದಿರಿಸುವುದೇ ಇದಕ್ಕೆ ಕಾರಣ. ಈ ಬಳಕೆದಾರನಿಗೆಂದು ಪ್ರತ್ಯೇಕ ನಿಯಮ ಬರೆದರೆ ಸರಿಹೋಗುತ್ತದೆ.

ಕುಸಿದ ತಂತ್ರಾಂಶವನ್ನು ಮತ್ತೆ ಎಬ್ಬಿಸಲು ಒಂದೇ ಸಾಲು ಸಾಕು. ವಿಫಲವಾದಾಗ ಮಾತ್ರ ಎಬ್ಬಿಸು ಎಂದು ಬರೆಯುವುದು ಲೇಸು. ಸದಾ ಎಬ್ಬಿಸು ಎಂದರೆ ನಾವೇ ನಿರ್ಗಮನವನ್ನು ಆರಿಸಿದಾಗಲೂ ಅದು ಮರಳಿ ಬರುತ್ತದೆ. ಸೇವೆ 10 ಸೆಕೆಂಡಿನೊಳಗೆ 5 ಸಲಕ್ಕಿಂತ ಹೆಚ್ಚು ಶುರುವಾಗಲು ಹೊರಟರೆ ಸಿಸ್ಟಮ್‌ಡಿ ಪ್ರಯತ್ನವನ್ನೇ ಕೈಬಿಡುತ್ತದೆ. ನಿಲ್ಲಿಸುವಾಗ ಅದು ಮೊದಲು ಸೌಮ್ಯವಾದ ಸೂಚನೆ ಕಳಿಸಿ, ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲಷ್ಟೇ ಬಲವಂತವಾಗಿ ಕೊಲ್ಲುತ್ತದೆ. ಕೋಡಿ ತನ್ನ ಸೆಟ್ಟಿಂಗುಗಳನ್ನು ಮುಚ್ಚುವ ಹೊತ್ತಿನಲ್ಲಿ ಬರೆದಿಡುವುದರಿಂದ ಈ ಬಿಡುವನ್ನು ತೀರ ಕಡಿಮೆ ಮಾಡುವುದು ತರವಲ್ಲ.

ಇನ್ನು, ಸಿನಿಮಾಗಳು ನೆಟ್‌ವರ್ಕಿನ ಬೇರೊಂದು ಡಿಸ್ಕಿನಲ್ಲಿದ್ದು ಅದನ್ನು ಈ ಯಂತ್ರಕ್ಕೆ ಮೌಂಟ್ ಮಾಡಿದ್ದರೆ, ಅಂದರೆ ಇಲ್ಲಿನದೇ ಒಂದು ಫೋಲ್ಡರಿನಂತೆ ಜೋಡಿಸಿದ್ದರೆ, ಆ ಮೌಂಟ್ ಮುಗಿದ ನಂತರವೇ ಏಳಬೇಕೆಂದು ಸೇವೆಯ ಕಡತದಲ್ಲಿ ಬರೆಯುವುದನ್ನು ಮರೆಯಬಾರದು. ಡಿಸ್ಕ್ ಬರುವ ಮೊದಲೇ ಕೋಡಿ ಎದ್ದು, ಖಾಲಿ ಫೋಲ್ಡರನ್ನು ಕಂಡು, ಆ ಸ್ಥಿತಿಯಲ್ಲಿ ಲೈಬ್ರರಿಯನ್ನು ಸ್ವಚ್ಛಗೊಳಿಸುವ (ಸಿಗದ ಕಡತಗಳನ್ನು ಪಟ್ಟಿಯಿಂದ ತೆಗೆಯುವ) ಆದೇಶವೂ ನಡೆದರೆ, ವರ್ಷಗಟ್ಟಲೆ ಜೋಡಿಸಿದ ಪಟ್ಟಿ ಅಳಿಸಿಹೋಗುವ ಅಪಾಯವಿದೆ.

ಅದೇ ಯಂತ್ರವನ್ನು ದಿನವೂ ಬ್ರೌಸರಿಗೋ ಬರವಣಿಗೆಗೋ ಬಳಸುವವರಿಗೆ ಈ ಕ್ರಮ ಹೊಂದುವುದಿಲ್ಲ, ಏಕೆಂದರೆ ಪ್ರತಿ ಸಲವೂ ಕೋಡಿಯ ಸೇವೆಯನ್ನು ನಿಲ್ಲಿಸಿ ಡೆಸ್ಕ್‌ಟಾಪನ್ನು ಎಬ್ಬಿಸಬೇಕಾಗುತ್ತದೆ. ಟಿವಿಗೇ ಮೀಸಲಾದ ಯಂತ್ರವಿದ್ದು, ಇಷ್ಟೆಲ್ಲ ಜೋಡಣೆಗೆ ವ್ಯವಧಾನವಿಲ್ಲದವರಿಗೆ, 2016ರಲ್ಲಿ ಓಪನ್‌ಎಲೆಕ್ ಎಂಬ ಇಂಥದೇ ವ್ಯವಸ್ಥೆಯಿಂದ ಕವಲೊಡೆದ ಲಿಬ್ರೆಎಲೆಕ್ ಇದೆ. ಕೋಡಿಯನ್ನು ನಡೆಸಲು ಬೇಕಾದಷ್ಟನ್ನೇ ಉಳಿಸಿಕೊಂಡ ಆ ವ್ಯವಸ್ಥೆಯಲ್ಲಿ ಕೋಡಿ ಸಿಸ್ಟಮ್‌ಡಿಯ ಒಂದು ಸೇವೆಯಾಗಿಯೇ ಓಡುತ್ತದೆ.