ಮೊದಲ ಪ್ರಿಂಟ್ ಕಿತ್ತುಕೊಳ್ಳಬೇಡಿ

ಶಾಲೆಗಳಲ್ಲಿ ಮುದ್ರಣ ಕಲೆ ಕಲಿಸುವಾಗ ಮಕ್ಕಳಿಂದ ನನಗೆ ತೊಂದರೆ ಆಗುವುದು ಕಡಿಮೆ. ನೆಲಕ್ಕೆ ಇಂಕ್ ಬೀಳುತ್ತದೆ, ಯೂನಿಫಾರ್ಮಿಗೂ ಬೀಳುತ್ತದೆ, ಅದು ಇದ್ದದ್ದೇ. ತೊಂದರೆ ಬರುವುದು ದೊಡ್ಡವರಿಂದ. ಮಗು ಇಂಕ್ ಹಚ್ಚಿದ ಬ್ಲಾಕಿನಿಂದ, ಅಂದರೆ ತಾನೇ ಮಾಡಿದ ಅಚ್ಚಿನಿಂದ, ಮೊದಲ ಕಾಗದ ಎತ್ತುತ್ತಿದ್ದ ಹಾಗೇ ಪಕ್ಕದಿಂದ ಒಂದು ಕೈ ಚಾಚುತ್ತದೆ. "ಕೊಡು ಇಲ್ಲಿ, ಒಣಗಿಸ್ತೀನಿ. ನಿಂದಾಯ್ತಲ್ಲ, ಇನ್ನೊಬ್ಬರು ಬರಲಿ." ಆ ಕಾಗದ ಪ್ರದರ್ಶನದ ಬೋರ್ಡಿಗೆ ಹೋಗುತ್ತದೆ, ಬ್ಲಾಕ್ ಕಸದ ಬುಟ್ಟಿಗೆ.

ಒಂದೇ ಪ್ರತಿ ಸಾಕು ಅನ್ನುವುದಾದರೆ ಇಷ್ಟೆಲ್ಲ ರಂಪ ಯಾಕೆ? ಕಾಗದ, ಪೆನ್ಸಿಲ್ ಕೊಟ್ಟು ಚಿತ್ರ ಬರೆಸಿದ್ದರೆ ಮುಗೀತಿತ್ತು, ಕೈಯೂ ಚೊಕ್ಕವಾಗಿರುತ್ತಿತ್ತು. ಗೀರಿ, ಕೊರೆದು, ಅಂಟಿಸಿ ಬ್ಲಾಕ್ ಮಾಡುವುದೇ ಅದನ್ನು ಮತ್ತೆ ಮತ್ತೆ ಒತ್ತಬಹುದು ಎಂದು.

ಇನ್ನೊಂದು ವಿಷಯ. ಮೊದಲ ಪ್ರಿಂಟ್ ಬಹುಮಟ್ಟಿಗೆ ಸಪ್ಪೆಯಾಗೇ ಬರುತ್ತದೆ. ಅದಕ್ಕೆ ಮಗುವನ್ನು ದೂರಬೇಡಿ. ಹೊಸ ಲಿನೋ (ಕೊರೆಯಲು ಬರುವ ಮೆತ್ತನೆ ಹಾಳೆ) ಮೇಲೆ ಇಂಕ್ ಒಂದೇ ಸಲಕ್ಕೆ ಸರಿಯಾಗಿ ಕೂರುವುದಿಲ್ಲ. ರಟ್ಟಿನ ಬ್ಲಾಕ್ ಆದರೆ ಮೊದಲ ಇಂಕನ್ನು ತಾನೇ ಹೀರಿಕೊಂಡುಬಿಡುತ್ತದೆ. ಎರಡು ಮೂರು ಸಲ ಇಂಕ್ ಹಚ್ಚಿ ಒತ್ತಿದ ಮೇಲೆ ಬಣ್ಣ ತುಂಬಿಕೊಂಡು ಬರುತ್ತದೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರಿಗೂ ಹೀಗೇ. ಹಾಗಿರುವಾಗ ಎಂಟು ವರ್ಷದ ಮಗುವಿನ ಮೊದಲ ಪ್ರಿಂಟ್ ಹಿಡಿದುಕೊಂಡು "ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಎಂದು ಷರಾ ಬರೆಯುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಮಾಡಬಹುದಿತ್ತು, ನಿಜ. ನೀವು ಬಿಟ್ಟಿದ್ದರೆ ತಾನೇ?

ಕಲಿಕೆ ನಡೆಯುವುದು ಮೊದಲ ಪ್ರಿಂಟಿಗೂ ಎರಡನೆಯದಕ್ಕೂ ನಡುವಿನ ಆ ಐದು ನಿಮಿಷದಲ್ಲಿ. ಮಗು ಕಾಗದ ನೋಡುತ್ತದೆ, ಬ್ಲಾಕ್ ನೋಡುತ್ತದೆ, ಮತ್ತೆ ಕಾಗದ ನೋಡುತ್ತದೆ. ಮಧ್ಯದಲ್ಲಿ ಬಿಳಿ ತೇಪೆ ಇದೆ, ಅಂಚು ಚೆನ್ನಾಗಿ ಬಂದಿದೆ. ಹಾಗಾದರೆ ಮಧ್ಯದಲ್ಲಿ ಒತ್ತಿದ್ದು ಸಾಲದು. ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗಿವೆ. ಇಂಕ್ ಜಾಸ್ತಿಯಾಯಿತು, ಇಲ್ಲವೇ ಗೀರಿದ್ದು ಆಳ ಇಲ್ಲ. ಗೆರೆ ಎರಡೆರಡಾಗಿ ಕಾಣುತ್ತಿದೆ. ಒತ್ತಲೆಂದು ಬೆನ್ನು ಉಜ್ಜುವಾಗ ಕಾಗದ ಜರುಗಿದೆ. ಇದನ್ನು ನಾವು ಹೇಳಬಾರದು. ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಬೇಕು. "ಇಲ್ಲಿ ಏನಾಗಿದೆ ಅಂತೀಯ?" ಎಂದು ಕೇಳಿ ಸುಮ್ನೆ ಕೂತರೆ ಹತ್ತರಲ್ಲಿ ಎಂಟು ಮಕ್ಕಳು ತಾವೇ ಕಾರಣ ಹುಡುಕುತ್ತಾರೆ. ಉಳಿದಿಬ್ಬರಿಗೆ ಪಕ್ಕದವರು ಹೇಳಿಕೊಡುತ್ತಾರೆ.

ಶಿಕ್ಷಕರಿಗೆ ನಾನು ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತು ಒಂದಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನೇ ಪ್ರಿಂಟಿಗೆ ಇಂಕ್ ಕಡಿಮೆ ಮಾಡುವುದಾದರೆ ಅಷ್ಟೇ ಮಾಡಿ. ಕಾಗದ ಅದೇ ಇರಲಿ, ಉಜ್ಜುವುದು ಅದೇ ಚಮಚದ ಬೆನ್ನಿನಿಂದ, ಅದೇ ಕೈಯಿಂದ. ಇಂಕ್ ಕಡಿಮೆ ಮಾಡಿ, ಕಾಗದ ಬದಲಿಸಿ, ಮೇಲೆ ಎರಡು ಗೆರೆ ಹೊಸದಾಗಿ ಕೊರೆದರೆ ಪ್ರಿಂಟ್ ಚೆನ್ನಾಗಿ ಬರಬಹುದು, ಬಾರದೆಯೂ ಇರಬಹುದು. ಬಂದರೂ ಯಾಕೆ ಬಂತು ಎಂದು ಮಗುವಿಗೆ ಗೊತ್ತಾಗುವುದಿಲ್ಲ. ಮೂರನೆಯದಕ್ಕೆ ಒತ್ತುವುದನ್ನು ಬದಲಿಸಿ. ನಾಲ್ಕನೆಯದಕ್ಕೆ ಬೇಕಾದರೆ ಬ್ಲಾಕನ್ನೇ ಮುಟ್ಟಿ. ಇಷ್ಟೇ. ಇದಕ್ಕೆ ದುಬಾರಿ ಸಾಮಾನು ಏನೂ ಬೇಡ. ತೆಳುವಾದ ಫೋಮ್ ಹಾಳೆ, ಮೊಂಡು ಪೆನ್ಸಿಲ್, ರೋಲರ್, ನೀರಿನಲ್ಲಿ ತೊಳೆಯಬಹುದಾದ ಇಂಕ್ ಸಾಕು.

ಒಂದು ತರಗತಿಯಲ್ಲಿ ಒಬ್ಬ ಹುಡುಗ ಮೀನು ಮಾಡಿದ್ದ. ಮೊದಲ ಪ್ರಿಂಟಿನಲ್ಲಿ ಮೀನಿಗೆ ಕಣ್ಣೇ ಇಲ್ಲ, ಇಂಕ್ ತುಂಬಿ ಮುಚ್ಚಿಹೋಗಿತ್ತು. ಅಲ್ಲಿದ್ದ ಟೀಚರ್ ಒಬ್ಬರು ಪಾಪ ಅನ್ನಿಸಿ ಬಿಳಿ ಪೆನ್ ತಂದು ಕಣ್ಣು ಇಡಲು ಹೊರಟರು. ಹುಡುಗ ಕಾಗದ ಹಿಂದಕ್ಕೆಳೆದುಕೊಂಡು "ಬೇಡ ಮಿಸ್, ಇದು ಕುರುಡು ಮೀನು. ಇನ್ನೊಂದಕ್ಕೆ ಕಣ್ಣು ಬರುತ್ತೆ" ಅಂದ. ಎರಡನೆಯದಕ್ಕೆ ಇಂಕ್ ತೆಳುವಾಗಿ ಹಚ್ಚಿದ, ಅರ್ಧ ಕಣ್ಣು ಬಂತು. ಮೂರನೆಯದರ ಹೊತ್ತಿಗೆ ಪೆನ್ಸಿಲಿನಿಂದ ಗುಂಡಿಯನ್ನು ಆಳ ಮಾಡಿಕೊಂಡಿದ್ದ. ಆ ಟೀಚರ್ ಒಳ್ಳೆಯವರೇ. ಆದರೆ ಆ ಬಿಳಿ ಪೆನ್ ಎಲ್ಲಾ ಕಡೆ ಇರುತ್ತದೆ, ಅದೇ ನನ್ನ ತಕರಾರು.

ದೊಡ್ಡವರನ್ನು ಒಪ್ಪಿಸಲು ನಾನು ಡಚ್ ಚಿತ್ರಕಾರ ರೆಂಬ್ರಾಂಟ್‌ನನ್ನು ಕರೆತರುತ್ತೇನೆ. 1653ರಲ್ಲಿ ಅವನು ಮಾಡಿದ 'ಮೂರು ಶಿಲುಬೆಗಳು' ಪ್ರಿಂಟ್ ಹಲವು ಹಂತಗಳಲ್ಲಿ ಸಿಗುತ್ತದೆ. ಒತ್ತಿ ನೋಡುವುದು, ತಿದ್ದುವುದು, ಮತ್ತೆ ಒತ್ತುವುದು. ನಾಲ್ಕನೇ ಹಂತದಲ್ಲಿ ಅದೇ ತಾಮ್ರದ ತಗಡಿನ ಮೇಲಿದ್ದ ಜನರಲ್ಲಿ ಹಲವರನ್ನು ಅಳಿಸಿ, ಚಿತ್ರದ ತುಂಬ ಕತ್ತಲೆ ಸುರಿದ. ಮಕ್ಕಳಿಗೆ ತೋರಿಸುವುದು ಪಿಕಾಸೊನ ಗೂಳಿ. 1945ರ ಡಿಸೆಂಬರಿನಿಂದ 1946ರ ಜನವರಿವರೆಗೆ ಮಾಡಿದ, ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ 11 ಲಿಥೋಗ್ರಾಫ್‌ಗಳು. ಶುರುವಿನಲ್ಲಿ ಮೈತುಂಬಿದ ಗೂಳಿ, ಕೊನೆಗೆ ನಾಲ್ಕಾರು ಗೆರೆ. ಯಾವುದು ಚೆನ್ನಾಗಿದೆ ಎಂದು ಮಕ್ಕಳಲ್ಲಿ ಜಗಳವೇ ಆಗುತ್ತದೆ. ಕೊನೆಯದೇ ಗೆಲ್ಲಬೇಕೆಂದೇನೂ ಇಲ್ಲ.

ಒಂದು ಎಚ್ಚರಿಕೆ. ಇದೆಲ್ಲ ಬ್ಲಾಕಿನಿಂದ ಮಾಡುವ ಪ್ರಿಂಟಿನ ಮಾತು. ಗಾಜಿನ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ನೇರವಾಗಿ ಬಣ್ಣ ಹಚ್ಚಿ ತೆಗೆಯುವ ಮಾನೊಪ್ರಿಂಟಿನಲ್ಲಿ ಮೊದಲನೆಯದೇ ಗಟ್ಟಿ, ಎರಡನೆಯದು ಮಂಕು. ಹಾಗೆಂದು ಎರಡನೆಯದನ್ನು ಎಸೆಯಬೇಡಿ. ಫ್ರೆಂಚ್ ಚಿತ್ರಕಾರ ಡೆಗಾ ಎಷ್ಟೋ ಸಲ ಆ ಮಂಕು ಪ್ರತಿಯ ಮೇಲೇ ಪ್ಯಾಸ್ಟೆಲ್ ಹಚ್ಚಿ ಚಿತ್ರ ಮುಗಿಸಿದ್ದಾನೆ. ಇನ್ನು ಲಿನೋ ಕೊರೆಯುವ ಉಳಿಯನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಯಾವ ವಯಸ್ಸಿಗೆ ಕೊಡಬಹುದು ಎಂದರೆ ಮಗು ನೋಡಿ ಹೇಳಬೇಕು. ಯಾರಿಗೇ ಕೊಟ್ಟರೂ ಇನ್ನೊಂದು ಕೈ ಉಳಿಯ ಹಿಂದೆಯೇ ಇರಬೇಕು, ಮುಂದೆ ಬರಲೇ ಕೂಡದು.

"ನಲವತ್ತು ಮಕ್ಕಳು, ಒಂದೇ ಪೀರಿಯಡ್, ಮೂರು ಪ್ರಿಂಟ್ ಎಲ್ಲಿ ಆಗುತ್ತೆ?" ಎಂದು ಕೇಳುತ್ತಾರೆ. ಆಗುವುದಿಲ್ಲ, ಒಪ್ಪಿದೆ. ಬ್ಲಾಕ್ ಮಾಡುವುದು ಒಂದು ವಾರ, ಒತ್ತುವುದು ಮುಂದಿನ ವಾರ. ಅಂಗೈಗಿಂತ ದೊಡ್ಡ ಬ್ಲಾಕ್ ಬೇಡ. ಇಂಕ್ ಹಚ್ಚುವ ಮೇಜು ಬೇರೆ, ಒತ್ತುವ ಮೇಜು ಬೇರೆ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಕೈ ಕೊಳೆ, ಇನ್ನೊಬ್ಬರ ಕೈ ಚೊಕ್ಕ. ಕಾಗದ ಮುಟ್ಟುವುದು ಚೊಕ್ಕ ಕೈಯವರು. ಆಮೇಲೆ ಅದಲುಬದಲು. ಆದರೂ ಮುಗಿಯದಿದ್ದರೆ ಬ್ಲಾಕ್ ತೊಳೆದು ಹೆಸರು ಬರೆದು ಇಟ್ಟುಕೊಳ್ಳಿ, ಅದೇನೂ ಓಡಿಹೋಗುವುದಿಲ್ಲ.

ಬ್ಲಾಕಿನಲ್ಲಿ ಹೆಸರು ಕೊರೆದರೆ ಪ್ರಿಂಟಿನಲ್ಲಿ ತಿರುಗುಮುರುಗಾಗುತ್ತದೆ. ಮಕ್ಕಳು ಒಮ್ಮೆ ನಕ್ಕು ಸುಮ್ಮನಾಗುತ್ತಾರೆ, ಫೋನ್ ಮಾಡುವುದು ತಂದೆ ತಾಯಿ.

ಪ್ರತಿ ಪ್ರಿಂಟಿನ ಕೆಳಗೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಮಗುವಿನ ಕೈಯಲ್ಲೇ ಬರೆಸಿ. ಬೋರ್ಡಿನಲ್ಲಿ ಜಾಗ ಇದ್ದರೆ ಮೂರನ್ನೂ ಸಾಲಾಗಿ ಹಾಕಿ. ಜಾಗ ಇಲ್ಲದಿದ್ದರೆ ಯಾವುದನ್ನು ಹಾಕಬೇಕು ಎಂದು ಮಗುವನ್ನೇ ಕೇಳಿ. ನಿಮಗೆ ಹಿಡಿಸದ್ದನ್ನೇ ಅದು ಎತ್ತಿಕೊಡುವ ಸಂಭವ ಇದೆ. ಅದನ್ನೇ ಹಾಕಿ.