ಪಾಪ್‌ಕಾರ್ನ್ ಪೇಟೆಂಟಿಗೆ ಅಡ್ಡ ಬಂದ ಎಣ್ಣೆ ಕ್ಯಾನು

"ಸಾರ್, ಆ ಹಳೇ ಪೇಟೆಂಟಿನ ಫೀಲ್ಡೇ ಬೇರೆ, ನಮ್ ಫೀಲ್ಡೇ ಬೇರೆ, ಅದ್ಹೆಂಗೆ ಇದು ಮೊದಲೇ ಇತ್ತು ಅಂತ ಪೇಟೆಂಟ್ ಆಫೀಸಿನೋರು ರಿಜೆಕ್ಟ್ ಮಾಡ್ತಾರೆ?" ಅಂತ ಅಮೆರಿಕಾದಲ್ಲಿ ಪೇಟೆಂಟ್ ಫೈಲ್ ಮಾಡೋ ನಮ್ಮ ಇಂಜಿನಿಯರ್‌ಗಳು ಕೇಳ್ತಾನೇ ಇರ್ತಾರೆ, ಅವ್ರಿಗೆಲ್ಲ ನಾನು ಶ್ರೈಬರ್ ಕೇಸ್ ಓದಿ ಅಂತೀನಿ. ಈ ಶ್ರೈಬರ್ ಪೇಟೆಂಟ್ ಕೇಳಿದ್ದು ಪಾಪ್‌ಕಾರ್ನ್ ಡಬ್ಬದ ಮೇಲೆ ಕೂರೋ ಕೋನ್ ಆಕಾರದ ಮುಚ್ಚಳಕ್ಕೆ, ಅಲ್ಲಾಡಿಸಿದ್ರೆ ಒಂದು ಸಲಕ್ಕೆ ನಾಲ್ಕಾರು ಕಾಳಷ್ಟೇ ಉದುರಬೇಕು. ಅರ್ಜಿ ಪರಿಶೀಲಿಸೋ ಪೇಟೆಂಟ್ ಆಫೀಸಿನ ಎಕ್ಸಾಮಿನರ್ ಹುಡುಕಿ ತೆಗೆದಿದ್ದು ಒಂದು ಹಳೇ ಸ್ವಿಸ್ ಪೇಟೆಂಟು, ಅದು ಎಣ್ಣೆ ಕ್ಯಾನಿನಂಥದ್ದಕ್ಕೆ ಹಾಕೋ ಮೂತಿ, ಅದ್ರಲ್ಲಿ ಪಾಪ್‌ಕಾರ್ನ್ ಮಾತೇ ಇಲ್ಲ. ಆದ್ರೂ 1997ರಲ್ಲಿ ಪೇಟೆಂಟ್ ಅಪೀಲುಗಳನ್ನ ಕೇಳೋ ಫೆಡರಲ್ ಸರ್ಕ್ಯೂಟ್ ಕೋರ್ಟು ಆ ರಿಜೆಕ್ಷನ್ನೇ ಎತ್ತಿ ಹಿಡೀತು. ಕ್ಲೇಮಲ್ಲಿ, ಅಂದ್ರೆ ಇಷ್ಟು ನನ್ನ ಹಕ್ಕು ಅಂತ ಅರ್ಜಿಯಲ್ಲಿ ಬರೆಯೋ ಸಾಲಲ್ಲಿ, ಇರೋ ಆಕಾರ ಆ ಹಳೇ ಪೇಟೆಂಟಲ್ಲಿದೆ, ಅದು ಪಾಪ್‌ಕಾರ್ನನ್ನೂ ಹಂಗೇ ಉದುರಿಸಬಲ್ಲದು ಅಂತ ನಂಬೋಕೆ ಕಾರಣ ಇದೆ, ಆಗಲ್ಲ ಅಂತ ತೋರಿಸೋ ಹೊರೆ ನಿಂದು, ನೀನು ತೋರಿಸಿಲ್ಲ ಅಂತು. ಮೂವರಲ್ಲಿ ಒಬ್ಬ ಜಡ್ಜು ಒಪ್ಪಲಿಲ್ಲ ಅನ್ನೋದು ಬೇರೆ ಮಾತು, ನಂಗೂ ಆ ತೀರ್ಪು ಸ್ವಲ್ಪ ಎಳೆದಂಗೇ ಅನ್ಸುತ್ತೆ.

ಹಂಗಂತ ಹಳೇದೇನೋ ಹತ್ರದ್ದು ಸಿಕ್ತು ಅಂದ್ರೆ ಕತೆ ಮುಗೀತು ಅಂತಲ್ಲ. ಮೊದಲೇ ಇತ್ತು ಅನ್ನೋಕೆ ಕ್ಲೇಮಿನ ಪ್ರತಿಯೊಂದು ಅಂಶನೂ ಒಂದೇ ದಾಖಲೆಯಲ್ಲಿ ಇರ್ಬೇಕು, ಅದೂ ಕ್ಲೇಮಲ್ಲಿ ಹೆಂಗೆ ಜೋಡಿಸಿದೆಯೋ ಹಂಗೇ. 2008ರ ನೆಟ್ ಮನಿಇನ್ ಕೇಸಲ್ಲಿ ಇದ್ದಿದ್ದು ಇಂಟರ್ನೆಟ್ ಪೇಮೆಂಟಿನ ಐದು ಲಿಂಕ್‌ಗಳ ಕ್ಲೇಮು, ಎದುರಿಗೆ ಬಂದ ದಾಖಲೆಯಲ್ಲಿ ಎರಡು ಬೇರೆಬೇರೆ ಪ್ರೋಟೋಕಾಲ್, ಯಾವುದರಲ್ಲೂ ಐದೂ ಇಲ್ಲ. ಕೆಳಗಿನ ಕೋರ್ಟು ಅದರಿಂದಷ್ಟು ಇದರಿಂದಷ್ಟು ತಗೊಂಡು ಕೂಡಿಸಿ ಐದಾಯ್ತು ಅಂದಿತ್ತು, ಅಪೀಲಲ್ಲಿ ಅದು ನಿಲ್ಲಲಿಲ್ಲ. ಕೂಡಿಸೋದೇ ಆದ್ರೆ ಅದು ಆಬ್ವಿಯಸ್‌ನೆಸ್ ವಾದ, ಅಂದ್ರೆ ಹಳೇದನ್ನೆಲ್ಲ ಬಲ್ಲ ಕಸುಬಿನೋನಿಗೆ ಇದು ಸುಲಭವಾಗಿ ಹೊಳೀತಿತ್ತು ಅನ್ನೋ ವಾದ, ಅದರ ದಾರಿನೇ ಬೇರೆ.

ಇನ್ನು ಎಕ್ಸಾಮಿನರ್ ನಿರ್ಧಾರವನ್ನ ಮತ್ತೆ ನೋಡೋ ಪೇಟೆಂಟ್ ಆಫೀಸಿನ ಬೋರ್ಡ್ ಕೊಟ್ಟ ತೀರ್ಪಿನ ಮೇಲೆ ಕೋರ್ಟಿಗೆ ಅಪೀಲ್ ಹೋಗೋರಿಗೆ ಒಂದು ಮಾತು. ಹಳೇ ದಾಖಲೆ ಏನು ಹೇಳುತ್ತೆ ಅನ್ನೋದು ಫ್ಯಾಕ್ಟಿನ ಪ್ರಶ್ನೆ, ಬೋರ್ಡ್ ಹೇಳಿದ್ದಕ್ಕೆ ತಕ್ಕಮಟ್ಟಿನ ಸಾಕ್ಷಿ ಇದ್ರೆ ಸಾಕು, ಕೋರ್ಟು ಕೈ ಹಾಕಲ್ಲ. ಆದ್ರೆ ಕ್ಲೇಮಿನ ಪದಕ್ಕೆ ಏನರ್ಥ ಅಂತ, ಅದೂ ಪೇಟೆಂಟಿನ ಒಳಗಿನ ದಾಖಲೆ ನೋಡಿಯೇ ತೀರ್ಮಾನ ಆಗಿದ್ರೆ, ಕೋರ್ಟು ಮೊದಲಿಂದ ತಾನೇ ಓದುತ್ತೆ. ಅದಕ್ಕೇ ಪಳಗಿದ ವಕೀಲರು "ಬೋರ್ಡು ದಾಖಲೆ ತಪ್ಪು ಓದ್ತು" ಅಂತ ಕೂಗಾಡೋದು ಕಮ್ಮಿ, "ನಮ್ ಕ್ಲೇಮನ್ನ ಅಗಲ ಮಾಡಿ ಓದಿದ್ರು" ಅನ್ನೋದು ಜಾಸ್ತಿ. ಆ ವಾದಕ್ಕೆ ಆಧಾರ ನೀವು ಮೊದಲು ಬರೆದ ಸ್ಪೆಸಿಫಿಕೇಷನ್ನಲ್ಲೇ, ಅಂದ್ರೆ ಅರ್ಜಿಯಲ್ಲಿರೋ ಆವಿಷ್ಕಾರದ ವಿವರಣೆಯಲ್ಲೇ ಇರ್ಬೇಕು, ಯಾಕಂದ್ರೆ ಅಪೀಲ್ ಕೋರ್ಟಿನ ಮುಂದೆ ನಿಂತ್ಕೊಂಡು ಕ್ಲೇಮ್ ತಿದ್ದೋಕೆ ಬಿಡಲ್ಲ.